ಗೆದ್ದಲಿಗಿಂತ ಗೆದ್ದಲಿನ ಔಷಧಿಗೆ ಅಂಜಬೇಕು

ಮುಂಗಾರಿನ ಮೊದಲ ಮಳೆ ಬಿದ್ದ ಸಂಜೆ ದೀಪದ ಸುತ್ತ ರೆಕ್ಕೆಯ ಹುಳುಗಳು ಮುತ್ತುವುದನ್ನು ಓದುಗರೆಲ್ಲ ಕಂಡಿರುತ್ತೀರಿ. ಮಳೆಹುಳು, ಈಚಲು ಹುಳು ಎಂದೆಲ್ಲ ಕರೆಯುವ ಇವು ಬೇರೆ ಜಾತಿಯ ಕೀಟಗಳಲ್ಲ. ಗೆದ್ದಲಿನ ಗೂಡಿನಿಂದ ಹೊಸ ಸಂಸಾರ ಹೂಡಲು ಹೊರಟ ಗಂಡು ಹೆಣ್ಣುಗಳೇ ಇವು. ಬೆಳಿಗ್ಗೆ ಕಸ ಗುಡಿಸುವಾಗ ರೆಕ್ಕೆಗಳ ರಾಶಿ ಸಿಗುತ್ತದೆ. ಅದನ್ನು ಕಂಡಾಗ, ಇಲ್ಲವೇ ಬಾಗಿಲ ಚೌಕಟ್ಟಿನ ಮೇಲೆ ಮಣ್ಣಿನ ಗೆರೆ ಕಂಡಾಗ, ಮನೆಯವರ ಬಾಯಿಂದ ಮೊದಲು ಬರುವ ಮಾತು "ಔಷಧಿ ಹೊಡೆಸಬೇಕು" ಎಂಬುದು.

ಈ 'ಔಷಧಿ' ಎಂಬ ಮಾತೇ ನಮ್ಮನ್ನು ದಾರಿ ತಪ್ಪಿಸುತ್ತದೆ. ಕೀಟನಾಶಕ ಔಷಧಿಯಲ್ಲ, ವಿಷ. ಮರ ತಿನ್ನುವ ಹುಳುಗಳಿಂದ ಮನೆಗೆ, ಪೀಠೋಪಕರಣಗಳಿಗೆ ನಷ್ಟವಾಗುವುದು ನಿಜ. ಆದರೆ ಮನುಷ್ಯನಿಗೆ ಅವು ಯಾವ ಕಾಯಿಲೆಯನ್ನೂ ಹರಡುವುದಿಲ್ಲ. ಅವುಗಳನ್ನು ಕೊಲ್ಲಲು ನಾವು ಮನೆಯೊಳಗೆ ತರುವ ವಸ್ತುಗಳಿಂದ ಮಾತ್ರ ಪ್ರಾಣಕ್ಕೇ ಅಪಾಯವಾಗಬಹುದು. ಆದುದರಿಂದ ಆರೋಗ್ಯದ ದೃಷ್ಟಿಯಿಂದ ಈ ವಿಷಯವನ್ನು ವಿವರವಾಗಿ ತಿಳಿದುಕೊಳ್ಳುವುದು ಒಳ್ಳೆಯದು.

ಯಾವ ಹುಳು, ಯಾವ ಗುರುತು?

ಹೊನ್ನಾಳಿ, ನ್ಯಾಮತಿ ಸೀಮೆಯ ಗೋವಿನಕೋವಿಯಂಥ ಊರುಗಳನ್ನು ಗಮನಿಸಿ. ತುಂಗಭದ್ರೆಯ ನೀರು, ಭತ್ತದ ಗದ್ದೆ, ಅಡಿಕೆ ತೆಂಗಿನ ತೋಟ, ಮೆಕ್ಕೆಜೋಳದ ಹೊಲ ಇರುವ ಪ್ರದೇಶವಿದು. ಹೆಂಚಿನ ಮನೆ, ಮರದ ಕಂಬ, ಅಟ್ಟ, ಮನೆಗೆ ಅಂಟಿಕೊಂಡ ಕೊಟ್ಟಿಗೆ, ಹಿತ್ತಲಿನಲ್ಲಿ ಸೌದೆಯ ಒಟ್ಟು, ಅಡಿಕೆ ಸಿಪ್ಪೆಯ ರಾಶಿ, ಹುಲ್ಲಿನ ಬಣವೆ ಇವೆಲ್ಲ ಸಾಮಾನ್ಯ. ಇಲ್ಲಿ ಮರಕ್ಕೆ ಬೀಳುವ ಹುಳುಗಳನ್ನು ಮುಖ್ಯವಾಗಿ ಮೂರು ಬಗೆಯಾಗಿ ಗುರುತಿಸಬಹುದು.

ಮೊದಲನೆಯದು ನೆಲದ ಗೆದ್ದಲು. ಗೂಡು ಮಣ್ಣಿನಲ್ಲಿರುತ್ತದೆ. ದುಡಿಯುವ ಹುಳುಗಳು ಕುರುಡು, ಮೈ ಮೆತ್ತಗೆ. ಒಣ ಗಾಳಿಗೆ ಮೈಯೊಡ್ಡಿದರೆ ಅವು ಬೇಗನೆ ಸಾಯುತ್ತವೆ. ಹಾಗಾಗಿಯೇ ಗೋಡೆಯ ಮೇಲೆ, ಕಂಬದ ಮೇಲೆ ಒದ್ದೆ ಮಣ್ಣಿನ ಕೊಳವೆ ಕಟ್ಟಿಕೊಂಡು ಅದರೊಳಗೆ ಓಡಾಡುತ್ತವೆ. ನಮ್ಮ ಕಡೆ ಹುತ್ತ ಕಟ್ಟುವ ಗೆದ್ದಲುಗಳು ತಿಂದ ಮರವನ್ನು ಪೂರ್ತಿ ತಾವೇ ಜೀರ್ಣಿಸಿಕೊಳ್ಳಲಾರವು. ಗೂಡಿನೊಳಗೆ ಒಂದು ಬಗೆಯ ಶಿಲೀಂಧ್ರದ ತೋಟ ಬೆಳೆಸಿ, ಅದರ ನೆರವಿನಿಂದ ಬದುಕುತ್ತವೆ. ಮಳೆಗಾಲದಲ್ಲಿ ಹುತ್ತದ ಬಳಿ ಏಳುವ ಅಣಬೆ ಈ ತೋಟದ ಫಲವೇ.

ಎರಡನೆಯದು ಒಣ ಮರದ ಗೆದ್ದಲು. ಇದಕ್ಕೆ ಮಣ್ಣಿನ ನಂಟು ಬೇಡ. ಕುರ್ಚಿ, ಮಂಚ, ಕಿಟಕಿಯ ಮರದೊಳಗೇ ವಾಸ. ಗಸಗಸೆಯಂಥ ಸಣ್ಣ ಹಿಕ್ಕೆಯ ಕಾಳುಗಳು ನೆಲದ ಮೇಲೆ ಉದುರಿದ್ದರೆ ಇದರ ಕೆಲಸ ಎಂದು ತಿಳಿಯಬಹುದು.

ಮೂರನೆಯದು ಕುಟ್ಟೆ ಹುಳು. ಮರದಲ್ಲಿ ಗುಂಡುಸೂಜಿಯ ತಲೆಯಷ್ಟು ತೂತು, ಕೆಳಗೆ ಗೋಧಿ ಹಿಟ್ಟಿನಂಥ ನುಣುಪಾದ ಪುಡಿ ಇದರ ಗುರುತು. ಇದು ಮರದ ಹೊರಭಾಗದ ಬಿಳಿ ತಿರುಳಿನಲ್ಲಿರುವ ಪಿಷ್ಟವನ್ನು ಅರಸಿ ಬರುತ್ತದೆ. ತೇಗ, ಹೊನ್ನೆ, ಹಲಸಿನ ಒಳಗಿನ ಗಟ್ಟಿ ಚೇಗಿಗೆ ಸುಲಭವಾಗಿ ಬೀಳುವುದಿಲ್ಲ. ಮಾವು, ಬೂರುಗ, ರಬ್ಬರ್ ಮರ ಮತ್ತು ಬಿದಿರು ಇದಕ್ಕೆ ಬೇಗ ತುತ್ತಾಗುತ್ತವೆ. ಹಿಂದಿನವರು ಬಿದಿರನ್ನು ಕಡಿದು ಕೆರೆಯಲ್ಲಿ ಮುಳುಗಿಸಿಟ್ಟು ಆಮೇಲೆ ಬಳಸುತ್ತಿದ್ದುದು ಸುಮ್ಮನೆ ಅಲ್ಲ. ನೀರಿನಲ್ಲಿ ಪಿಷ್ಟ ಕರಗಿ ಹೋಗಿ ಹುಳುವಿಗೆ ಆಹಾರವೇ ಇಲ್ಲದಂತಾಗುತ್ತದೆ.

ಬಿದಿರಿನ ಗಳುವಿಗೆ ದೊಡ್ಡ ತೂತು ಕೊರೆಯುವ ಕರಿ ದುಂಬಿಗೆ ಹೆದರಬೇಕಾಗಿಲ್ಲ. ಎದುರಿಗೆ ಬಂದು ಗುಂಯ್‌ಗುಡುವುದು ಸಾಮಾನ್ಯವಾಗಿ ಗಂಡು ದುಂಬಿ. ಅದಕ್ಕೆ ಕೊಂಡಿಯೇ ಇಲ್ಲ. ಹೆಣ್ಣು ಕೂಡ ಕೈಯಲ್ಲಿ ಹಿಡಿದರೆ ಮಾತ್ರ ಕಚ್ಚೀತು.

ಮೈಗೆ ಏನು ತೊಂದರೆ?

ಗೆದ್ದಲು ಕಚ್ಚಿ ರೋಗ ಬರುವುದಿಲ್ಲ. ಅನ್ನದಲ್ಲಿ ಒಂದು ಮಳೆಹುಳು ಬಿದ್ದರೂ ವಿಷವಾಗುವುದಿಲ್ಲ. ಆದರೂ ಎರಡು ವಿಷಯಗಳನ್ನು ವೈದ್ಯರು ಗಮನಿಸುತ್ತಾರೆ.

ಒಂದು, ಚರ್ಮದ ತುರಿಕೆ. ಕುಟ್ಟೆ ಹಿಡಿದ ಮಂಚ, ಸೋಫಾದಲ್ಲಿ ಮಲಗಿ ಎದ್ದವರಿಗೆ ಬೆನ್ನು, ತೋಳಿನ ಮೇಲೆ ಕೆಂಪು ಗುಳ್ಳೆಗಳೇಳುವುದುಂಟು. ಇದನ್ನು ಮಾಡುವುದು ಕುಟ್ಟೆ ಹುಳುವಲ್ಲ. ಅದರ ಮರಿಗಳನ್ನು ತಿಂದು ಬದುಕುವ, ಕಣ್ಣಿಗೆ ಕಾಣದಷ್ಟು ಸಣ್ಣ ನುಸಿ ಅಥವಾ ಇರುವೆಯಂತೆ ಕಾಣುವ ಪುಟ್ಟ ಕಣಜ ಮನುಷ್ಯನನ್ನೂ ಕಚ್ಚುತ್ತದೆ. ತಿಗಣೆ ಇದ್ದರೂ ಹೀಗೆಯೇ ಆಗುತ್ತದೆ. ತಿಗಣೆ ಮರ ತಿನ್ನುವುದಿಲ್ಲ, ಮಂಚದ ಸಂದಿಯಲ್ಲಿ ಅಡಗಿ ರಕ್ತ ಹೀರುತ್ತದೆ. ಆದ್ದರಿಂದ ತುರಿಕೆಗೆ ಮುಲಾಮು ಹಚ್ಚುತ್ತ ಕೂರುವ ಬದಲು ಮಂಚದ ಸಂದಿಗಳನ್ನೂ, ಕೆಳಗೆ ಪುಡಿ ಬಿದ್ದಿದೆಯೇ ಎಂಬುದನ್ನೂ ಒಮ್ಮೆ ನೋಡಬೇಕು.

ಎರಡು, ತೇವ. ನೆಲದ ಗೆದ್ದಲು ತೇವವಿಲ್ಲದೆ ಬದುಕಲಾರದು. ಒಂದು ಗೋಡೆಗೆ ವರ್ಷವರ್ಷವೂ ಗೆದ್ದಲು ಹತ್ತುತ್ತಿದೆ ಎಂದರೆ ಆ ಗೋಡೆಯ ಹಿಂದೆ ಸೋರುವ ನಲ್ಲಿಯೋ, ಬಚ್ಚಲ ನೀರೋ, ಒಡೆದ ಹೆಂಚೋ ಇರುವ ಸಂಭವ ಹೆಚ್ಚು. ಅದೇ ತೇವದಲ್ಲಿ ಬೂಸ್ಟು ಬೆಳೆಯುತ್ತದೆ. ಒದ್ದೆ, ಬೂಸ್ಟು ಇರುವ ಮನೆಗಳಲ್ಲಿ ವಾಸಿಸುವವರಿಗೆ ಕೆಮ್ಮು, ಉಬ್ಬಸ ಮತ್ತು ಆಸ್ತಮಾದ ತೊಂದರೆ ಹೆಚ್ಚೆಂದು ವಿಶ್ವ ಆರೋಗ್ಯ ಸಂಸ್ಥೆ 2009ರ ತನ್ನ ಮಾರ್ಗಸೂಚಿಯಲ್ಲಿ ಸ್ಪಷ್ಟಪಡಿಸಿದೆ. ಹೀಗಾಗಿ ಮಗುವಿನ ಉಬ್ಬಸಕ್ಕೂ ಗೋಡೆಯ ಗೆದ್ದಲಿಗೂ ಮೂಲ ಒಂದೇ ಆಗಿರಬಹುದು. ಗೆದ್ದಲನ್ನು ಮಾತ್ರ ಕೊಂದರೆ ಉಬ್ಬಸ ಉಳಿಯುತ್ತದೆ. ತೇವವನ್ನು ನಿಲ್ಲಿಸಿದರೆ ಎರಡೂ ಕಡಿಮೆಯಾಗುತ್ತವೆ.

ವಿಷದ ಕಥೆ

ಗೆದ್ದಲಿಗೆಂದು ಹಿಂದೆ ಮನೆಯ ಅಡಿಪಾಯಕ್ಕೆ ಸುರಿಯುತ್ತಿದ್ದುದು ಆಲ್ಡ್ರಿನ್, ಕ್ಲೋರ್ಡೇನ್, ಹೆಪ್ಟಾಕ್ಲೋರ್. ಒಮ್ಮೆ ಹಾಕಿದರೆ ಹತ್ತಾರು ವರ್ಷ ಮಣ್ಣಿನಲ್ಲಿ ಉಳಿಯುತ್ತವೆ ಎಂಬುದೇ ಅವುಗಳ ಹಿರಿಮೆಯಾಗಿತ್ತು. ಅದೇ ಅವುಗಳ ದೋಷ ಎಂಬುದು ಆಮೇಲೆ ತಿಳಿಯಿತು. ಮಣ್ಣಿನಿಂದ ನೀರಿಗೆ, ಮೇವಿಗೆ, ಹಾಲಿಗೆ, ತಾಯಿಯ ಮೊಲೆಹಾಲಿಗೂ ಇಂಥ ವಿಷಗಳು ಸೇರುತ್ತವೆ. ಭಾರತದಲ್ಲಿ ಈ ಮೂರನ್ನೂ 1996ರಲ್ಲಿ ನಿಷೇಧಿಸಲಾಯಿತು. ಬಿ.ಎಚ್.ಸಿ. ಪುಡಿಗೆ 1997ರಲ್ಲಿ ನಿಷೇಧ ಬಂತು. ಹಳೆಯ ಮನೆಗಳ ಅಟ್ಟದಲ್ಲಿ, ಉಗ್ರಾಣದಲ್ಲಿ ಆ ಕಾಲದ ಡಬ್ಬಿಗಳು ಉಳಿದಿದ್ದರೆ ತೆರೆಯಬೇಡಿ, ಬಳಸಬೇಡಿ, ಸುಡಬೇಡಿ, ನೀರಿಗೂ ಚೆಲ್ಲಬೇಡಿ. ಹಾಗೆಯೇ ಎತ್ತಿಟ್ಟು ಕೃಷಿ ಇಲಾಖೆಯ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿ.

ಅವುಗಳ ಜಾಗಕ್ಕೆ ಬಂದದ್ದು ಕ್ಲೋರ್‌ಪೈರಿಫಾಸ್. ಹೊಲಕ್ಕೂ ಅದೇ, ಮನೆಗೂ ಅದೇ. ಅಮೆರಿಕದಲ್ಲಿ 2000ದಲ್ಲಿಯೇ, ಬೆಳೆಯುವ ಮಕ್ಕಳ ಮಿದುಳು ನರಗಳ ಮೇಲಿನ ಪರಿಣಾಮದ ಕಾಳಜಿಯಿಂದ, ಇದನ್ನು ಮನೆಬಳಕೆಯಿಂದ ಹಿಂತೆಗೆಯುವ ತೀರ್ಮಾನವಾಯಿತು. 2025ರಲ್ಲಿ ಸ್ಟಾಕ್‌ಹೋಮ್ ಒಪ್ಪಂದದ ರಾಷ್ಟ್ರಗಳು ಕೆಲವು ವಿನಾಯಿತಿಗಳೊಡನೆ ಇದನ್ನು ಕೈಬಿಡಬೇಕಾದ ವಿಷಗಳ ಪಟ್ಟಿಗೆ ಸೇರಿಸಿದವು.

ಕೀಟಕ್ಕೆಂದು ಹಾಕಿದ ವಿಷ ಕೀಟದಲ್ಲಿಗೇ ನಿಲ್ಲುವುದಿಲ್ಲ ಎಂಬುದಕ್ಕೆ ದೂರದ ನಿದರ್ಶನ ಬೇಕಿಲ್ಲ. ಕಾಸರಗೋಡು ಜಿಲ್ಲೆಯ ಎಣ್ಮಕಜೆ, ಪಡ್ರೆಯ ಸುತ್ತ ಗೇರುತೋಟಗಳ ಮೇಲೆ ಟೀ ಸೊಳ್ಳೆ ಎಂಬ ಕೀಟಕ್ಕಾಗಿ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿಯಲಾಗುತ್ತಿತ್ತು. ಅಲ್ಲಿನ ಮಕ್ಕಳ ಕಾಯಿಲೆಗಳನ್ನು ಗಮನಿಸಿ ಮೊದಲು ದನಿಯೆತ್ತಿದವರಲ್ಲಿ ವೈದ್ಯ ಡಾ. ವೈ.ಎಸ್. ಮೋಹನ್ ಕುಮಾರ್ ಮತ್ತು ಪತ್ರಕರ್ತ ಶ್ರೀ ಪಡ್ರೆ ಪ್ರಮುಖರು. 2011ರಲ್ಲಿ ಸುಪ್ರೀಂ ಕೋರ್ಟ್ ದೇಶದಾದ್ಯಂತ ಎಂಡೋಸಲ್ಫಾನನ್ನು ತಡೆಯಿತು. ಅದು ಮರ ತಿನ್ನುವ ಹುಳುವಿನ ವಿಷಯವಲ್ಲ, ನಿಜ. ಆದರೆ ಬಾವಿಯ ಪಕ್ಕದ ಗೋಡೆಗೆ ವಿಷ ಸುರಿಯುವ ಮುನ್ನ ನೆನೆಯಬೇಕಾದ ಪಾಠ.

ವಿಷ ಏರಿದರೆ ಏನಾಗುತ್ತದೆ?

ರೈತರ ಮನೆಗಳಲ್ಲಿ ಹೆಚ್ಚಿನ ಅನಾಹುತ ಆಗುವುದು ಹೀಗೆ: ಹೊಲಕ್ಕೆ ತಂದದ್ದರಲ್ಲಿ ಉಳಿದದ್ದನ್ನು ತಂಪು ಪಾನೀಯದ ಬಾಟಲಿಗೆ ಸುರಿದು ಗೂಡಿನಲ್ಲಿ ಇಟ್ಟಿರುತ್ತಾರೆ, ಚೌಕಟ್ಟಿನ ಗೆದ್ದಲಿಗೆ ಬೇಕಾದೀತು ಎಂದು. ನೀರಿಗೆ ಬೆರೆತಾಗ ಹಾಲಿನಂತೆ ಕಾಣುವ ಅದನ್ನು ಮಗುವೊಂದು ಬಾಯಿಗೆ ಹಾಕಿಕೊಳ್ಳುತ್ತದೆ. ಇಲ್ಲವೇ ಬರಿಗೈಯಲ್ಲಿ ಬಟ್ಟೆ ಅದ್ದಿ ಮರಕ್ಕೆ ಬಳಿಯುತ್ತಾರೆ. ಈ ವಿಷ ಬಾಯಿಯಿಂದ ಮಾತ್ರವಲ್ಲ, ಚರ್ಮದಿಂದಲೂ ಉಸಿರಿನಿಂದಲೂ ಒಳಗೆ ಹೋಗುತ್ತದೆ.

ನರಗಳು ಸ್ನಾಯುವಿಗೆ, ಗ್ರಂಥಿಗಳಿಗೆ ಸಂದೇಶ ಮುಟ್ಟಿಸಲು ಒಂದು ರಾಸಾಯನಿಕವನ್ನು ಬಿಡುತ್ತವೆ. ಕೆಲಸ ಮುಗಿದ ಕೂಡಲೇ ಅದನ್ನು ಒಡೆದುಹಾಕುವ ಕಿಣ್ವವೊಂದಿದೆ. ಕ್ಲೋರ್‌ಪೈರಿಫಾಸ್ ಮತ್ತು ಅದರ ಬಳಗದ ವಿಷಗಳು ಆ ಕಿಣ್ವವನ್ನೇ ಕಟ್ಟಿಹಾಕುತ್ತವೆ. ಪರಿಣಾಮವಾಗಿ ಸಂದೇಶ ನಿಲ್ಲುವುದೇ ಇಲ್ಲ. ಮೈಯೆಲ್ಲ ಬೆವರು, ಬಾಯಲ್ಲಿ ಜೊಲ್ಲು, ಕಣ್ಣೀರು, ವಾಂತಿ, ಭೇದಿ, ಕಣ್ಣಿನ ಪಾಪೆ ಸೂಜಿಮೊನೆಯಷ್ಟು ಕಿರಿದಾಗುವುದು, ಸ್ನಾಯುಗಳ ಅದುರಾಟ, ಎದೆಯಲ್ಲಿ ಕಫ ತುಂಬಿ ಉಸಿರು ಕಟ್ಟುವುದು ಇದರ ಲಕ್ಷಣಗಳು. ಮೊದಲು ಚೇತರಿಸಿಕೊಂಡಂತೆ ಕಂಡವರಿಗೂ ಒಂದರಿಂದ ನಾಲ್ಕು ದಿನಗಳಲ್ಲಿ ಕತ್ತು, ಉಸಿರಾಟದ ಸ್ನಾಯುಗಳು ಸೋಲುವುದುಂಟು. ಆದ್ದರಿಂದ "ಈಗ ಚೆನ್ನಾಗಿದ್ದಾನೆ" ಎಂದು ಆಸ್ಪತ್ರೆಯಿಂದ ಅವಸರದಲ್ಲಿ ಕರೆತರಬಾರದು.

ಇಂತಹ ಸಂದರ್ಭದಲ್ಲಿ ಮೈಮೇಲಿನ ಬಟ್ಟೆ ತೆಗೆದು, ಸೋಪು ನೀರಿನಿಂದ ಚರ್ಮವನ್ನು ಚೆನ್ನಾಗಿ ತೊಳೆಯಿರಿ. ತೊಳೆಯುವವರು ಕೈಗೆ ಪ್ಲಾಸ್ಟಿಕ್ ಚೀಲವನ್ನಾದರೂ ಕಟ್ಟಿಕೊಳ್ಳಬೇಕು. ಕಣ್ಣಿಗೆ ಬಿದ್ದಿದ್ದರೆ ಹತ್ತು ಹದಿನೈದು ನಿಮಿಷ ತಣ್ಣೀರು ಹರಿಸಿ. ಉಪ್ಪು ನೀರು, ಹುಣಸೆ ನೀರು ಕುಡಿಸಿ ವಾಂತಿ ಮಾಡಿಸಬೇಡಿ. ವಿಷದ ಜೊತೆಗಿರುವ ಎಣ್ಣೆಯಂಥ ದ್ರಾವಕ ಶ್ವಾಸಕೋಶಕ್ಕೆ ನುಗ್ಗಿ ಇನ್ನಷ್ಟು ಕೇಡಾಗುತ್ತದೆ. ಪ್ರಜ್ಞೆ ತಪ್ಪಿದ್ದರೆ ಮಗ್ಗುಲಾಗಿ ಮಲಗಿಸಿ 108ಕ್ಕೆ ಕರೆ ಮಾಡಿ. ವಿಷದ ಡಬ್ಬಿಯನ್ನು ಮರೆಯದೆ ಜೊತೆಗೆ ಒಯ್ಯಿರಿ. ಅಟ್ರೋಪಿನ್ ಚುಚ್ಚುಮದ್ದು ಇದಕ್ಕೆ ಮುಖ್ಯ ಮದ್ದು. ಮೊದಲು ಹತ್ತಿರದ ತಾಲ್ಲೂಕು ಆಸ್ಪತ್ರೆಗೆ ಹೋಗಿ. ಉಸಿರಾಟದ ಯಂತ್ರ ಬೇಕಾದರೆ ಅಲ್ಲಿಂದ ದಾವಣಗೆರೆಯ ಚಿಗಟೇರಿ ಆಸ್ಪತ್ರೆಗೋ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೋ ಕಳುಹಿಸುತ್ತಾರೆ.

ಇನ್ನೂ ಕೆಲವು ಅಪಾಯಗಳು

ಕಾಳಿಗೆ ಇಡುವ ಅಲ್ಯೂಮಿನಿಯಂ ಫಾಸ್ಫೈಡ್ ಗುಳಿಗೆಯನ್ನು ಕುಟ್ಟೆ ಹಿಡಿದ ಬೀರುವಿನಲ್ಲಿ, ಹುತ್ತದ ಬಾಯಲ್ಲಿ ಇಡುವುದುಂಟು. ಗಾಳಿಯ ತೇವ ತಾಗಿದೊಡನೆ ಇದರಿಂದ ಫಾಸ್ಫೀನ್ ಎಂಬ ಅನಿಲ ಹೊರಡುತ್ತದೆ. ಸಂದಿಗೊಂದಿಗಳಿಂದ ಪಕ್ಕದ ಕೋಣೆಗೂ ನುಸುಳುತ್ತದೆ. ಇದಕ್ಕೆ ಪ್ರತಿವಿಷವೇ ಇಲ್ಲ. ಸರ್ಕಾರಿ ಸಂಸ್ಥೆಗಳಿಗೆ ಮತ್ತು ತಜ್ಞರ ಮೇಲ್ವಿಚಾರಣೆಯಲ್ಲಿ ಕೆಲಸ ಮಾಡುವ ಕೀಟ ನಿಯಂತ್ರಕರಿಗೆ ಮಾತ್ರ ಇದರ ಮಾರಾಟಕ್ಕೆ ಅವಕಾಶವಿದೆ. ಜನ ಮಲಗುವ ಮನೆಯೊಳಗೆ ಇದು ಎಂದಿಗೂ ಸಲ್ಲದು.

ನುಸಿಗುಳಿಗೆ ಅಷ್ಟು ಭಯಂಕರವಲ್ಲದಿದ್ದರೂ ಹಸುಗೂಸಿಗೆ ಅಪಾಯಕಾರಿ. ಜಿ-6-ಪಿಡಿ ಎಂಬ ಕಿಣ್ವದ ಕೊರತೆ ಹುಟ್ಟಿನಿಂದಲೇ ಇರುವ ಮಕ್ಕಳಲ್ಲಿ ನ್ಯಾಫ್ತಲಿನ್ ವಾಸನೆ ಹಿಡಿದ ಬಟ್ಟೆಯಿಂದಲೇ ರಕ್ತಕಣಗಳು ಒಡೆದು ತೀವ್ರ ಕಾಮಾಲೆ ಬರಬಹುದು. ಬಾಣಂತಿ ಕೋಣೆಯ ಬೀರುವಿನಲ್ಲಿ, ಮಗುವಿನ ಬಟ್ಟೆಯ ನಡುವೆ ನುಸಿಗುಳಿಗೆ ಇಡಬೇಡಿ.

ಮರಕ್ಕೆ ಗೇರೆಣ್ಣೆ ಬಳಿಯುವ ಪದ್ಧತಿ ಹಳೆಯದು, ಹುಳು ತಡೆಯುವ ಗುಣವೂ ಅದಕ್ಕಿದೆ. ಆದರೆ ಚರ್ಮಕ್ಕೆ ತಾಗಿದರೆ ಸುಟ್ಟಂತೆ ಬೊಬ್ಬೆ ಏಳುತ್ತದೆ. ಕೈಗವಸು ಬೇಕೇ ಬೇಕು. ಸೀಮೆಎಣ್ಣೆ ಸುರಿದು ಹುತ್ತಕ್ಕೆ ಬೆಂಕಿ ಹಚ್ಚುವುದು ಸುಟ್ಟಗಾಯಕ್ಕೆ ಆಹ್ವಾನ.

ಕೊನೆಗೆ, ಹಳೆಯ ಮರವನ್ನು ಬಚ್ಚಲ ಒಲೆಗೆ ಹಾಕುವ ಮುನ್ನ ಯೋಚಿಸಿ. ಹುಳು ತಡೆಯಲೆಂದು ತಾಮ್ರ, ಕ್ರೋಮಿಯಂ, ಆರ್ಸೆನಿಕ್ ಉಣಿಸಿದ, ಹಸಿರು ಛಾಯೆಯ ಮರವನ್ನು ಸುಟ್ಟರೆ ಹೊಗೆಯಲ್ಲಿ, ಬೂದಿಯಲ್ಲಿ ಆರ್ಸೆನಿಕ್ ಇರುತ್ತದೆ. ಆ ಬೂದಿಯಿಂದ ಪಾತ್ರೆ ತಿಕ್ಕುವುದಂತೂ ಕೂಡದು.

ಸೌದೆಯ ಒಟ್ಟಿನ ಅತಿಥಿಗಳು

ಗೆದ್ದಲು ಇದ್ದಲ್ಲಿ ಅದನ್ನು ತಿನ್ನಲು ಹಲ್ಲಿ, ಕಪ್ಪೆ ಬರುತ್ತವೆ, ಅವುಗಳ ಹಿಂದೆ ಹಾವು ಬರುತ್ತದೆ. ಸೌದೆಯ ಅಡಿಯಲ್ಲಿ ಚೇಳಿಗೂ ಒಳ್ಳೆಯ ಮನೆ. ಜಗಳೂರಿನಂಥ ಒಣ ಸೀಮೆಯಲ್ಲಿ ಇದರ ಬಗ್ಗೆ ವಿಶೇಷ ಎಚ್ಚರ ಬೇಕು. ಕೆಂಪು ಚೇಳು ಕಡಿದಾಗ ನೋವು ಮಾತ್ರವಲ್ಲದೆ ಬೆವರು, ವಾಂತಿ, ಕೈಕಾಲು ತಣ್ಣಗಾಗುವುದು, ಉಸಿರುಗಟ್ಟುವುದು ಕಂಡುಬಂದರೆ, ಅದರಲ್ಲೂ ಮಕ್ಕಳಲ್ಲಿ, ಹೃದಯ ಮತ್ತು ಶ್ವಾಸಕೋಶಕ್ಕೆ ಅಪಾಯ ಒದಗಿದೆ ಎಂದರ್ಥ. ಮಹಾರಾಷ್ಟ್ರದ ಮಹಾಡ್‌ನ ವೈದ್ಯ ಡಾ. ಹಿಮ್ಮತರಾವ್ ಬಾವಸ್ಕರ್ ಪ್ರಚಾರಕ್ಕೆ ತಂದ ಪ್ರಾಜೋಸಿನ್ ಮಾತ್ರೆಯ ಚಿಕಿತ್ಸೆಯಿಂದ ಇಂಥ ಸಾವುಗಳು ಬಹಳಷ್ಟು ಇಳಿದಿವೆ. ಮಂತ್ರ ಹಾಕಿಸುತ್ತ ಹೊತ್ತು ಕಳೆಯದೆ ಆಸ್ಪತ್ರೆಗೆ ಒಯ್ಯಬೇಕು. ಹಾವು ಕಚ್ಚಿದಾಗಲೂ ಅಷ್ಟೇ. ಕೊಯ್ಯುವುದು, ಬಿಗಿಯಾಗಿ ಕಟ್ಟುವುದು ಬೇಡ. ಕಚ್ಚಿದ ಅಂಗ ಅಲುಗದಂತೆ ಇಟ್ಟು ಬೇಗ ಕರೆದೊಯ್ಯಿರಿ.

ವಿಷವಿಲ್ಲದೆ ಏನು ಮಾಡಬಹುದು?

ಮೊದಲು ನೀರನ್ನು ನಿಲ್ಲಿಸಿ. ಸೋರುವ ನಲ್ಲಿ, ಒಡೆದ ಹೆಂಚು, ಗೋಡೆಯ ಬುಡದಲ್ಲಿ ನಿಲ್ಲುವ ಬಚ್ಚಲ ನೀರು, ಇವನ್ನು ಸರಿಪಡಿಸಿದರೆ ಅರ್ಧ ಕೆಲಸ ಆದಂತೆ.

ಮರ ಮಣ್ಣಿಗೆ ತಾಗಬಾರದು. ನಮ್ಮ ಹಳೆಯ ಮನೆಗಳಲ್ಲಿ ಮರದ ಕಂಬವನ್ನು ಕಲ್ಲಿನ ಮೇಲೆ ನಿಲ್ಲಿಸುತ್ತಿದ್ದುದರ ಗುಟ್ಟು ಇದೇ. ಹೊಸದಾಗಿ ಕಟ್ಟುವವರೂ ಕಂಬ, ಚೌಕಟ್ಟು ನೇರವಾಗಿ ಮಣ್ಣಿಗೆ ತಾಗದಂತೆ ನೋಡಿಕೊಳ್ಳಬೇಕು. ಬೀರು, ಪುಸ್ತಕದ ಕಪಾಟುಗಳನ್ನು ಗೋಡೆಯಿಂದ ನಾಲ್ಕು ಬೆರಳಾದರೂ ದೂರ ಇಡಿ.

ಸೌದೆ, ಅಡಿಕೆ ಸಿಪ್ಪೆ, ಮೆಕ್ಕೆಜೋಳದ ದಂಟು, ಹುಲ್ಲು ಮನೆಯ ಗೋಡೆಗೆ ಒರಗಿರಬಾರದು. ಗೆದ್ದಲಿಗೆ ಇವೆಲ್ಲವೂ ಊಟ. ಸೌದೆಯನ್ನು ಕಲ್ಲುಗಳ ಮೇಲೆ, ನೆಲದಿಂದ ಒಂದು ಮೊಳ ಎತ್ತರದಲ್ಲಿ ಒಟ್ಟಿ. ಎತ್ತಿಕೊಳ್ಳುವಾಗ ಮೇಲಿನಿಂದ, ಬೆಳಕಿನಲ್ಲಿ, ಕೋಲಿನಿಂದ ತಟ್ಟಿ ತೆಗೆಯಿರಿ. ಅಡಿಕೆ ಸಿಪ್ಪೆಯನ್ನು ಸುಟ್ಟು ಊರಿಗೆಲ್ಲ ಹೊಗೆ ಹಾಕುವ ಬದಲು ಗೊಬ್ಬರ ಮಾಡಿ ತೋಟಕ್ಕೆ ಕೊಡಿ.

ಮಣ್ಣಿನ ಗೆರೆ ಕಂಡಾಗ ಉಜ್ಜಿ ಒರೆಸಿ ಸುಮ್ಮನಾಗಬೇಡಿ. ಅದು ಎಲ್ಲಿಂದ ಹೊರಟಿದೆ ಎಂದು ಹಿಂಬಾಲಿಸಿ, ಆ ಬಿರುಕನ್ನು ಸಿಮೆಂಟಿನಿಂದ ಮುಚ್ಚಿ. ವಾರಕ್ಕೊಮ್ಮೆ ಅದೇ ಜಾಗವನ್ನು ನೋಡುತ್ತಿರಿ. ಕುಟ್ಟೆ ಹಿಡಿದ ಸಣ್ಣ ಸಾಮಾನನ್ನು ಬಿರು ಬಿಸಿಲಿನಲ್ಲಿ ಕೆಲವು ದಿನ ಕಾಯಿಸಿ, ತೂತುಗಳನ್ನು ಮೇಣದಿಂದ ತುಂಬಿ ವಾರ್ನಿಷ್ ಹಚ್ಚಿ. ಉದುರಿದ ಪುಡಿಯನ್ನು ಒದ್ದೆ ಬಟ್ಟೆಯಿಂದ ಒರೆಸಿ. ಪೊರಕೆಯಿಂದ ಎಬ್ಬಿಸಿದರೆ ಆಸ್ತಮಾ ಇರುವವರಿಗೆ ಕೆಮ್ಮು ಬರುತ್ತದೆ.

ಮನೆಯಿಂದ ದೂರ, ಹಿತ್ತಲ ಅಂಚಿನಲ್ಲಿ ಇರುವ ಹುತ್ತವನ್ನು ಅದರ ಪಾಡಿಗೆ ಬಿಡಿ. ಒಣಗಿದ ಎಲೆ, ಕಡ್ಡಿಯನ್ನು ಮಣ್ಣಾಗಿಸುವುದು ಗೆದ್ದಲಿನ ದೊಡ್ಡ ಉಪಕಾರ.

ವಿಷ ಅನಿವಾರ್ಯವಾದರೆ

ಮನೆಯ ತೊಲೆಗೇ ಗೆದ್ದಲು ಹತ್ತಿದಾಗ ವಿಷ ಬೇಕಾಗಬಹುದು. ಆಗ ತರಬೇತಿ, ಪರವಾನಗಿ ಇರುವವರಿಂದಲೇ ಮಾಡಿಸಿ. ಗೆದ್ದಲು ತಡೆಗೆ ಐ.ಎಸ್. 6313 ಎಂಬ ಭಾರತೀಯ ಮಾನಕವಿದೆ. ಕುಡಿಯುವ ನೀರಿನ ಬಾವಿಗೆ, ಒರತೆಗೆ ವಿಷ ಸೇರದಂತೆ ಎಚ್ಚರ ವಹಿಸಬೇಕೆಂದು ಅದು ಹೇಳುತ್ತದೆ. ಬಾವಿ, ಕೊಳವೆಬಾವಿ, ನೀರಿನ ತೊಟ್ಟಿ ಎಲ್ಲಿವೆ ಎಂಬುದನ್ನು ಕೆಲಸದವರಿಗೆ ಮೊದಲೇ ತೋರಿಸಿ. ಯಾವ ವಿಷ, ಎಷ್ಟು ನೀರಿಗೆ ಎಷ್ಟು ಎಂದು ಬರೆಸಿಕೊಳ್ಳಿ. ಡಬ್ಬಿಯ ಮೇಲಿನ ವಜ್ರಾಕಾರದ ಚಿಹ್ನೆ ನೋಡಿ. ಅದರ ಕೆಳಭಾಗ ಕೆಂಪಿದ್ದರೆ ಅತಿ ಘೋರ ವಿಷ, ಹಳದಿ ಅದಕ್ಕಿಂತ ಕಡಿಮೆ, ನಂತರ ನೀಲಿ, ಹಸಿರು ಎಲ್ಲಕ್ಕಿಂತ ಕಡಿಮೆ. ಹಸಿರೂ ವಿಷವೇ ಎಂಬುದು ನೆನಪಿರಲಿ.

ಗರ್ಭಿಣಿಯರು, ಬಾಣಂತಿ, ಹಸುಗೂಸು, ಆಸ್ತಮಾ ಇರುವವರು ಅಂದು ನೆಂಟರ ಮನೆಗೆ ಹೋಗುವುದು ಉತ್ತಮ. ವಿಷ ಹಾಕಿದ ಜಾಗ ಪೂರ್ತಿ ಒಣಗಿ, ಕಿಟಕಿ ಬಾಗಿಲು ತೆರೆದಿಟ್ಟು ವಾಸನೆ ಹೋಗುವವರೆಗೂ ಅವರು ಮರಳಬಾರದು. ಅಡುಗೆ ಸಾಮಾನು, ದನದ ಮೇವು, ಕೋಳಿಗೂಡುಗಳನ್ನು ಬೇರೆಡೆ ಸಾಗಿಸಿ. ತೆವಳುವ ಮಕ್ಕಳನ್ನು ಆ ಗೋಡೆಯ ಬುಡದಲ್ಲಿ ಬಿಡಬೇಡಿ. ಉಳಿದದ್ದನ್ನು ಮನೆಯಲ್ಲಿ ಇಟ್ಟುಕೊಳ್ಳಬೇಡಿ. ಖಾಲಿ ಡಬ್ಬಿಯನ್ನು ತೂತು ಮಾಡಿ, ಯಾರೂ ನೀರು ತುಂಬಲಾಗದಂತೆ ಮಾಡಿ.

ತೊಲೆ ಹಾಳಾದರೆ ಬಡಗಿ ಬದಲಿಸಿಕೊಡುತ್ತಾನೆ. ಗೆದ್ದಲು ಒಂದು ತೊಲೆ ತಿನ್ನಲು ವರ್ಷಗಳೇ ಬೇಕು, ಆದ್ದರಿಂದ ಯೋಚಿಸಿ ಹೆಜ್ಜೆ ಇಡಲು ನಿಮಗೆ ಸಮಯವಿದೆ. ವಿಷಕ್ಕೆ ಅಷ್ಟು ಹೊತ್ತು ಬೇಡ. ಇಂದೇ ಮನೆಯ ಗೂಡು, ಅಟ್ಟ, ಕೊಟ್ಟಿಗೆಗಳನ್ನು ಒಮ್ಮೆ ನೋಡಿ. ಚೀಟಿಯಿಲ್ಲದ ಬಾಟಲಿ ಕಂಡರೆ ಅದನ್ನು ಮೊದಲು ಮಕ್ಕಳ ಕೈಗೆ ಎಟುಕದಂತೆ ಬೀಗದೊಳಗೆ ಇಡಿ. ಗೆದ್ದಲಿನ ವಿಚಾರ ನಾಳೆ ನೋಡಿದರೂ ಆದೀತು.